ಯಾರ ಹಿಡಿ?

"ಎಡಗಡೆ ಹೊಟ್ಟೆ ನೋಡೇ, ಡೋಲಾಗಿದೆ!" ಎಂದು ಅತ್ತೆ ಕೂಗಿಕೊಂಡಾಗ, ತವರಿನಿಂದ ಬಂದ ಸೊಸೆ ಇನ್ನೂ ಹೆಗಲಿನ ಚೀಲ ಇಳಿಸಿರಲಿಲ್ಲ. ಕೊಟ್ಟಿಗೆಗೆ ಓಡಿದಳು. ಇವತ್ತೋ ನಾಳೆಯೋ ಮರಿ ಹಾಕಬೇಕಿದ್ದ ಚುಕ್ಕಿ ಕುರಿ ಕಾಲು ಚಾಚಿ, ಹಲ್ಲು ಕಡಿಯುತ್ತ ಬಿದ್ದಿತ್ತು.

ಸೊಸೆ ಕುರಿಯ ಪಕ್ಕ ಕುಕ್ಕರಿಸಿದಳು. ಮೇವಿನ ಉಸ್ತುವಾರಿ ತನಗೇ ಬೇಕೆಂದು ಹಟ ಹಿಡಿದವಳು ಅವಳೇ ತಾನೆ? ಅಂಗಡಿಯ ಕುರಿತಿಂಡಿಯ ಮೂಟೆಗೆ ಸುರಿದ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತಿತ್ತು. ಅದಕ್ಕೇ ಅವಳು ಬೇಲಿಯುದ್ದಕ್ಕೂ ಮೇವಿನ ಗಿಡ ನೆಟ್ಟಿದ್ದಳು. ಮೊದಲು ಒಣಹುಲ್ಲು, ಆಮೇಲೆ ಸೊಪ್ಪು, ಗಬ್ಬದ ಕುರಿಗೆ ಮಾತ್ರ ಕೊನೆಗೆ ಎರಡು ಹಿಡಿ ಜೋಳದ ನುಚ್ಚು, ಹೆಚ್ಚಾದರೆ ಹೊಟ್ಟೆ ಉಬ್ಬೀತು ಎಂದು ಕಟ್ಟಳೆ ಮಾಡಿದ್ದಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಡೀಲಿ," ಎಂದು ಅತ್ತೆ ನಗುತ್ತಲೇ ಬಿಟ್ಟುಕೊಟ್ಟಿದ್ದರು. ಈಗ ಚುಕ್ಕಿ ಸತ್ತರೆ ಯಾವ ಮುಖ ಹೊತ್ತುಕೊಂಡು ಈ ಕೊಟ್ಟಿಗೆಗೆ ಬರುವುದು?

"ನಾನಿಲ್ಲದಾಗ ಏನು ಹಾಕಿದ್ರಿ, ಅತ್ತೆ?"

"ನೀನು ಹೇಳಿದ್ದೇ ಕಣೇ. ಹೊತ್ತು ಹೊತ್ತಿಗೆ ಎರಡೇ ಎರಡು ಹಿಡಿ, ದೇವರಾಣೆ!"

ಇಬ್ಬರೂ ಸೇರಿ ಕುರಿಯನ್ನು ಎಬ್ಬಿಸಿ, ಮುಂಗಾಲನ್ನು ಹೊಸ್ತಿಲ ಮೇಲಿಟ್ಟು ನಿಲ್ಲಿಸಿದರು. ಸೊಸೆ ಅಡುಗೆ ಸೋಡಾದ ನೀರಿಗೆ ಎಣ್ಣೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದಳು. ಅತ್ತೆ ಹೊಟ್ಟೆ ನೀವತೊಡಗಿದರು. ಆಗ ಸೊಸೆಯ ಕಣ್ಣು ಆ ಕೈ ಮೇಲೆ ಬಿತ್ತು. ಅಬ್ಬಬ್ಬಾ, ಕೈಯೋ ಮೊರವೋ!

"ಯಾರ ಹಿಡೀಲಿ ಅಳೆದ್ರಿ ಅತ್ತೆ?"

"ಯಾರ ಹಿಡೀಲಿ ಅಂದ್ರೆ? ನನ್ನ ಕೈ ಇರುವಾಗ ಪಕ್ಕದ ಮನೆಯವಳದು ಕಡ ತರ್ಲಾ?" ಎಂದವರು ತಟ್ಟನೆ ನೀವುವುದನ್ನು ನಿಲ್ಲಿಸಿದರು. ತಮ್ಮ ಕೈ ನೋಡಿಕೊಂಡರು, ಸೊಸೆಯ ಕೈ ನೋಡಿದರು. "ಅಯ್ಯೋ... ನಾನೇ ಕೊಂದ್ನೇನೇ ಇದನ್ನ?"

"ಹಿಡಿ ಅಂದವಳು ನಾನು. ನನ್ನ ಹಿಡಿ ಅಂತ ಹೇಳಲಿಲ್ಲ. ನೀವಿ ಅತ್ತೆ, ನಿಲ್ಲಿಸಬೇಡಿ." ಸೊಸೆ ತಾನೂ ನೀವತೊಡಗಿದಳು.

ನೀವಿ ನೀವಿ ಇಬ್ಬರ ತೋಳೂ ಬಿದ್ದುಹೋದವು. ಕೊನೆಗೊಮ್ಮೆ ಚುಕ್ಕಿ ಕತ್ತು ಚಾಚಿ, ಮದುವೆಯೂಟ ಉಂಡ ಬೀಗರ ಹಾಗೆ, ಕೊಟ್ಟಿಗೆಯೆಲ್ಲ ಕೇಳುವಂತೆ ತೇಗಿತು. ಮತ್ತೊಂದು ತೇಗು. ಹುಳಿನಾತ ಮುಖಕ್ಕೇ ಹೊಡೆಯಿತು. "ಥೂ, ನಿನ್ನ!" ಎಂದು ಅತ್ತೆ ಮೂಗು ಮುಚ್ಚಿಕೊಂಡು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಕುರಿ ತನ್ನಷ್ಟಕ್ಕೆ ನಿಂತು ಮೆಲುಕು ಹಾಕಲು ಶುರುಮಾಡಿದ ಮೇಲೆ ಅತ್ತೆ ನುಚ್ಚಿನ ಡಬ್ಬ ತಂದರು. ಸೊಸೆಯ ಅಂಗೈಗೆ ಸುರಿದು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಹಿಡಿಯಲ್ಲಿ ಉಳಿದದ್ದು ಎಷ್ಟು ಮಹಾ!

"ಇಷ್ಟೇ ಇಷ್ಟು ಕೈ. ಇದರಲ್ಲೇ ಇಷ್ಟೆಲ್ಲ ಭಾರ ಎಳೀತಿದ್ದೀಯಲ್ಲೇ, ನನ್ನ ತಾಯಿ."

ನುಚ್ಚು ಡಬ್ಬಕ್ಕೆ ಮರಳಿದ ಮೇಲೂ ಅತ್ತೆ ಆ ಕೈ ಬಿಡಲಿಲ್ಲ.