ಸೌದೆ ಹೊರುವ ತಲೆ

ಒಲೆ ಕೊಂಡವರಿಂದ ನಾನು ಒಂದು ಹಾಳೆ ತುಂಬಿಸಿಕೊಳ್ಳಬೇಕು. ಏಕೆ ಕೊಂಡಿರಿ? ಹೊಗೆ ಕಡಿಮೆ, ಸೌದೆ ಉಳಿತಾಯ, ನೆರೆಯವರ ಸಲಹೆ, ಇತರೆ. ಇದನ್ನು ಬರೆದ ಪುಣ್ಯಾತ್ಮರು ಒಂದು ದಿನವೂ ಸೌದೆ ಹೊತ್ತವರಲ್ಲ. ಭೂತಯ್ಯನ ಹಾಳೆ ನನ್ನ ಬಳಿ ಇನ್ನೂ ಖಾಲಿ ಬಿದ್ದಿದೆ.

ನಾನು ತನುಜಾ. ಹೊಂಗಡಹಳ್ಳದ ಕಡೆ ಎಸ್ಟೇಟುಗಳ ಕೂಲಿಯವರ ಸಾಲುಮನೆಗಳಿಗೆ, ಅಂದರೆ ಲೈನುಗಳಿಗೆ ಹೋಗಿ, ಸೌದೆ ಕಡಿಮೆ ತಿನ್ನುವ ಕಬ್ಬಿಣದ ಒಲೆ ಮಾರುವುದು ನನ್ನ ಕೆಲಸ. ಒಂದು ಪಾತ್ರೆ ಅನ್ನಕ್ಕೆ ಹಳೇ ಒಲೆಯಲ್ಲಿ ಎಂಟು ತುಂಡು ಬೇಕು, ಇದರಲ್ಲಿ ಮೂರೇ ಸಾಕು. ಎಲ್ಲರೆದುರು ಉರಿಸಿಯೇ ತೋರಿಸುತ್ತಿದ್ದೆ. ಹೆಂಗಸರು ಕಣ್ಣರಳಿಸಿ ನೋಡುತ್ತಿದ್ದರು, ಗಂಡಸರು ನಗುತ್ತಿದ್ದರು.

"ಸೌದೆಗೇನ್ ದುಡ್ಡು ಕೊಡ್ಬೇಕಾ ಮೇಡಂ? ಕಾಡಲ್ಲಿ ಬೇಕಾದಷ್ಟು ಬಿದ್ದೈತೆ," ಅಂದವನು ಭೂತಯ್ಯ, ಮರದ ಕೊಂಬೆ ಸವರುವ ಆಳು. ಬಿದ್ದದ್ದನ್ನು ಹೊತ್ತು ತರುತ್ತಿದ್ದವಳು ಅವನ ಹೆಂಡತಿ ಬೆಟ್ಟಮ್ಮ. ಅವನ ಸ್ನಾನದ ಹಂಡೆಗೇ ಅರ್ಧ ಹೊರೆ ಹೋಗುತ್ತಿತ್ತು.

ಆ ಲೈನಿನಲ್ಲಿ ಒಲೆ ಕೊಂಡವಳು ಬೆಟ್ಟಮ್ಮ ಒಬ್ಬಳೇ. "ವಾರಕ್ಕೆ ನಾಲ್ಕ್ ಸಲ ಕಾಡಿಗೆ ಹೋಗ್ತೀನಿ ಅಕ್ಕ. ಒಂಟಿ ಸಲಗ ಬಂದ್ಬುಟ್ಟೈತೆ. ಇದಿದ್ರೆ ಎರಡೇ ಸಲ ಹೋದ್ರೆ ಸಾಕು," ಅಂದಳು.

ಮರುದಿನ ಬೆಳಿಗ್ಗೆ ಒಲೆ ಹೇಗಿದೆ ಎಂದು ನೋಡಲು ಹೋದರೆ ಲೈನಿನ ತುಂಬ ಕಿರುಚಾಟ. ಭೂತಯ್ಯ ಅಂಗಳದಲ್ಲಿ ಕೊಡಲಿಯ ಹಿಂಬದಿಯಿಂದ ಒಲೆಯನ್ನು ಜಜ್ಜುತ್ತಿದ್ದ. ತಡೆಯಲು ಬಂದ ಬೆಟ್ಟಮ್ಮನ ಹೊಟ್ಟೆಗೆ ಒದ್ದ. ಬಿದ್ದವಳ ಜುಟ್ಟು ಹಿಡಿದು ಎಳೆದು ಮುಖಕ್ಕೆ ಗುದ್ದಿದ.

"ನನ್ನ ಕೇಳ್ದೆ ತಗೊಂಡ್ಯಾ? ಕಾಲೈತಲ್ಲ ನಿಂಗೆ, ಹೋಗಿ ಸೌದೆ ತಾ!"

ನಾನು ನಡುವೆ ನುಗ್ಗಿದೆ. ಅವನ ಮೊಣಕೈ ತಾಗಿ ನನ್ನ ತುಟಿ ಒಡೆಯಿತು. ಲೈನಿನ ಗಂಡಸರು ಕಾಫಿ ಲೋಟ ಹಿಡಿದು ನಿಂತಿದ್ದರು. ಬಿಡೋ ಅಂತ ಒಬ್ಬನೂ ಅನ್ನಲಿಲ್ಲ. ಆ ಲೋಟಗಳನ್ನು ಕಿತ್ತು ಅವರ ಮುಖಕ್ಕೇ ಎರಚಬೇಕು ಅನಿಸಿತು.

ಬೆಟ್ಟಮ್ಮ ಎದ್ದು, ಸೆರಗಿನಿಂದ ಮೂಗಿನ ರಕ್ತ ಒರೆಸಿಕೊಂಡು, ಜಜ್ಜಿದ ಒಲೆಯನ್ನು ತಂದು, ನಾನು ಒಲೆ ಹೇರಿಕೊಂಡು ತಿರುಗುವ ಆಟೋದಲ್ಲಿಟ್ಟಳು. "ನಿಮ್ಮತ್ರನೇ ಇರ್ಲಿ ಅಕ್ಕ. ಇವ್ನು ತಣ್ಣಗಾದ್ಮೇಲೆ ಬಂದು ತಗೋತೀನಿ."

ಮೂರನೇ ದಿನ ಸೌದೆಗೆ ಹೋದವಳನ್ನು ಹಳ್ಳದ ದಂಡೆಯಲ್ಲಿ ಸಲಗ ಹಿಡಿಯಿತು. ಕಂಬಳಿಯಲ್ಲಿ ಹೊತ್ತು ತಂದಾಗ ನಾನು ನೋಡಿದೆ. ಎದೆಗೂಡು ಪುಡಿಯಾಗಿತ್ತು, ಒಂದು ಕೈ ಇರಲಿಲ್ಲ. ಸೌದೆ ಕಟ್ಟುವ ಹಗ್ಗ ಸೊಂಟದಲ್ಲಿ ಹಾಗೇ ಇತ್ತು. ಮುಖಕ್ಕೆ ಆನೆ ಏನೂ ಮಾಡಿರಲಿಲ್ಲ. ಕಣ್ಣಿನ ಕೆಳಗೆ ಕಂದಿದ ಗಾಯ ಭೂತಯ್ಯನದು.

ಹದಿನೈದು ದಿನ ಕಳೆದು ಭೂತಯ್ಯ ಆನೇಮಹಲ್‌ನ ನಮ್ಮ ಅಂಗಡಿಗೆ ಬಂದ. ಹೆಗಲು ತರಚಿತ್ತು, ಗಡ್ಡ ಬೆಳೆದಿತ್ತು.

"ಒಂದ್ ಒಲೆ ಬೇಕಿತ್ತು ಮೇಡಂ."

"ಈಗ ಯಾಕೆ?" ಅಂದೆ. ಹೆಂಡತಿಯ ಹೆಸರು ಹೇಳಿ ಅಳುತ್ತಾನೆ ಎಂದು ಕಾದೆ. ಅತ್ತಿದ್ದರೆ ಕ್ಷಮಿಸುತ್ತಿದ್ದೆನೋ ಏನೋ.

"ಸೌದೆಗೆ ಈಗ ನಾನೇ ಹೋಗ್ಬೇಕಲ್ಲ. ಎರಡ್ ಸಲ ಹೋದೆ. ದೂರದಲ್ಲಿ ಕೊಂಬೆ ಮುರಿದ ಸದ್ದಿಗೇ ಕಾಲು ನಡುಗ್ಬುಟ್ವು. ವಾರಕ್ಕೆ ನಾಲ್ಕ್ ಸಲ ಯಾರ್ ಕೈಲಾಗುತ್ತೆ ಮೇಡಂ?"

ಮೇಜಿನ ಮೇಲೆ, ಉರಿಸಿ ತೋರಿಸಲು ಇಟ್ಟಿದ್ದ ಕಟ್ಟಿಗೆಯ ತುಂಡಿತ್ತು. ಅದರಿಂದ ಅವನ ಬೆನ್ನಿಗೆ ಬಾರಿಸಿದೆ. ಹೆಗಲಿಗೆ, ತೋಳಿಗೆ, ಕಟ್ಟಿಗೆ ಮುರಿಯುವವರೆಗೂ ಬಾರಿಸಿದೆ. ಅವನು ತಲೆ ಮುಚ್ಚಿಕೊಂಡು ಕುಕ್ಕರಿಸಿದ, ತಿರುಗಿ ಕೈ ಎತ್ತಲಿಲ್ಲ. ನನಗೆ ಸಮಾಧಾನವೂ ಆಗಲಿಲ್ಲ.

ಏದುಸಿರು ಬಿಡುತ್ತ ಒಳಗೆ ಹೋಗಿ ಬೆಟ್ಟಮ್ಮನ ಒಲೆಯನ್ನು ತಂದು ಅವನ ಮುಂದೆ ಕುಕ್ಕಿದೆ. ಅದರ ಬಾಯಿ ಸೊಟ್ಟಗಾಗಿತ್ತು. ಮಗ್ಗುಲಲ್ಲಿ ಕೊಡಲಿಯ ಏಟು ಎದ್ದು ಕಾಣುತ್ತಿತ್ತು.

"ಇದೇ ನಿನ್ನ ಮನೇದು. ಅವಳೇ ದುಡ್ಡು ಕೊಟ್ಟಿದ್ದಾಳೆ. ತಗೊಂಡು ಹೋಗು."

ಭೂತಯ್ಯ ನಿಧಾನವಾಗಿ ಒಲೆಯನ್ನು ತನ್ನ ಕಡೆ ಎಳೆದುಕೊಂಡ. ತಗ್ಗಿನ ಮೇಲೆ ಬೆರಳಾಡಿಸಿದ. ಬಗ್ಗಿ ಒಳಗೆ ಇಣುಕಿ ನೋಡಿದ. ಆಮೇಲೆ ತಲೆಯೆತ್ತಿ ಕೇಳಿದ:

"ಇದ್ರಲ್ಲೂ ಮೂರೇ ತುಂಡು ಸಾಕಾಗುತ್ತಾ ಮೇಡಂ?"