ಗುಡಿಸಿದ ದಿಬ್ಬ

ನಾಲ್ಕನೆಯ ಮೊಟ್ಟೆಯೂ ಸೀದಾ ತಳಕ್ಕಿಳಿದು ಅಡ್ಡಡ್ಡ ಮಲಗಿತು. ಹಿತ್ತಿಲಲ್ಲಿ ಕೂತಿದ್ದ ಡೋರ್ಕಾಸ್ ಬೋಗುಣಿಯ ಕಡಲನೀರಿಗೆ ಕೈ ಹಾಕಿ ಅದನ್ನೆತ್ತಿ, ಸರೋಂಗಿನ ಅಂಚಿಗೆ ಒರೆಸಿ, ಪಕ್ಕದ ಬುಟ್ಟಿಯಲ್ಲಿಟ್ಟಳು. ಐದನೆಯದನ್ನು ಬಿಟ್ಟಳು. ಅದೂ ಮುಳುಗಿತು.

ಬೇಕೆಂದೇ ಅವಳು ಮರಳುದಿಬ್ಬದ ಬೇರೆ ಬೇರೆ ಕಡೆಯಿಂದ ಹೆಕ್ಕಿ ತಂದಿದ್ದಳು. ನಟ್ಟನಡುವೆ ಕೂರುವ ರೀವ ಹಕ್ಕಿಗಳು ಎಲ್ಲಕ್ಕಿಂತ ಮೊದಲು ಮೊಟ್ಟೆಯಿಡುತ್ತವೆ. ದಿಬ್ಬದ ಮೇಲಿನ ನಿಷೇಧ, ಸಾಸಿ, ತೆರೆಯುವ ಹೊತ್ತಿಗೆ ಅವುಗಳಲ್ಲಿ ಕೆಲವಾದರೂ ನೀರಲ್ಲಿ ತಲೆಯೆತ್ತಿ ನಿಲ್ಲಬೇಕು, ಒಂದೆರಡು ತೇಲಲೂಬೇಕು. ನೀರಂಚಿನವು ತಡವಾಗಿ ಬಂದವು, ಅವು ಮುಳುಗುತ್ತವೆ. ಅವಳು ತಿಳಿದ ಮಟ್ಟಿಗೆ ಯಾವ ವರ್ಷವೂ ಎಲ್ಲವೂ ಒಂದೇ ಸಮ ಮುಳುಗಿದ್ದಿಲ್ಲ.

ದಿಬ್ಬದಲ್ಲಿ ಕಂಬ ನೆಟ್ಟು, ಎಳೆಯ ತೆಂಗಿನ ಗರಿ ಕಟ್ಟಿ, ಪಾದ್ರಿ ಪ್ರಾರ್ಥನೆ ಹೇಳಿಬಿಟ್ಟರೆ ಸಾಸಿ ಬಿತ್ತೆಂದು ಅರ್ಥ. ಆಮೇಲೆ ಅಲ್ಲಿ ಯಾರೂ ಕಾಲಿಡುವಂತಿಲ್ಲ, ಮೊಟ್ಟೆ ನೋಡುವವಳೊಬ್ಬಳನ್ನು ಬಿಟ್ಟು. ತೆರೆಯುವ ಭಾನುವಾರದ ಹಿಂದಿನ ದಿನ ಅವಳು ಒಬ್ಬಳೇ ದೋಣಿಯಲ್ಲಿ ಹೋಗಿ ಬರುತ್ತಾಳೆ. ಮರುದಿನ ಚರ್ಚಿನಲ್ಲಿ ಎದ್ದುನಿಂತು, ಹೆಚ್ಚಿನವು ಮುಳುಗಿವೆ ಎಂಬರ್ಥದಲ್ಲಿ, ‘ಮುಳುಗಿದವು’ ಎಂದರೆ ಊರ ಹೆಂಗಸರೆಲ್ಲ ಬುಟ್ಟಿ ಹೊತ್ತು ಹೊರಡುತ್ತಾರೆ. ‘ತೇಲಿದವು’ ಎಂದರೆ ಒಳಗೆ ಮರಿ ಕೂತಿದೆ, ಈ ವರ್ಷಕ್ಕೆ ಬೇಡ. ಹಿಂದೆ ಈ ಕೆಲಸ ಅವಳ ಅಮ್ಮನದಾಗಿತ್ತು. ಡೋರ್ಕಾಸಳ ಮಾತನ್ನು ಹೋದ ವರ್ಷದವರೆಗೆ ಯಾರೂ ಮರುಪ್ರಶ್ನೆ ಮಾಡಿರಲಿಲ್ಲ.

ಬೆಳಿಗ್ಗೆ ದಿಬ್ಬದಲ್ಲಿ ಕಂಡದ್ದು ಈಗ ಬೇರೆಯೇ ಅರ್ಥ ಕೊಡತೊಡಗಿತು. ಮರಳಿನಲ್ಲಿ ಅಲ್ಲಲ್ಲಿ ಮೊಟ್ಟೆಯ ಒಣಗಿದ ಹಳದಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಚಿಪ್ಪಿನ ಚೂರುಗಳು ಅಲೆ ಬಂದು ನಿಲ್ಲುವ ಗೆರೆಯುದ್ದಕ್ಕೂ ಬಿದ್ದಿದ್ದವು. ಆಗ ಅವಳು ಇಲಿಯ ಕೆಲಸವೆಂದುಕೊಂಡಿದ್ದಳು. ರಿಪೇರಿಗೆಂದು ತಂಗುವ ಬಲೆಹಡಗುಗಳಿಂದ ಇಳಿದ ಇಲಿಗಳು ಈಚೆಗೆ ಎಲ್ಲ ದಿಬ್ಬಗಳಲ್ಲೂ ಇವೆ. ಹಕ್ಕಿಗಳೂ ಮೊದಲಿನಷ್ಟಿರಲಿಲ್ಲ. ಅವಳು ಹುಡುಗಿಯಾಗಿದ್ದಾಗ ದೋಣಿ ಹತ್ತಿರವಾದರೆ ದಿಬ್ಬವೇ ಎದ್ದು ಹಾರಿದಂತಾಗುತ್ತಿತ್ತು, ಪಕ್ಕದಲ್ಲಿದ್ದವರ ಮಾತು ಕೇಳುತ್ತಿರಲಿಲ್ಲ. ಈ ಬೆಳಿಗ್ಗೆ ಅವಳ ಕಾಲಡಿಯ ಮರಳಿನ ಸದ್ದು ಅವಳಿಗೇ ಕೇಳಿಸಿತ್ತು. ಒಂದು ಹಕ್ಕಿಯ ಕಾಲಿಗೆ ನೈಲಾನ್ ದಾರ ಸುತ್ತಿ ಊದಿಕೊಂಡಿತ್ತು. ಅದು ಅವಳನ್ನು ಕಂಡರೂ ಮೊಟ್ಟೆ ಬಿಟ್ಟು ಏಳಲಿಲ್ಲ.

“ಊಸಿ! ಏನಾಯ್ತು, ಮುಳುಗಿದ್ವಾ?”

ಅಕ್ಕನನ್ನು ಊಸಿ ಎಂದೇ ಕರೆಯುವ ತಂಗಿ ಓರ್ಪಾ ಹಿತ್ತಿಲ ಬಾಗಿಲಿಂದಲೇ ಕೂಗುತ್ತ ಬಂದಳು. ಕೈಯಲ್ಲಿ ಎಲೆ ಮುಚ್ಚಿದ ಸಾಗೋ ಅಂಬಲಿಯ ಪಾತ್ರೆ.

“ಮುಳುಗಿದ್ವು.”

“ಎಲ್ಲಾನೂ?”

“ಎಲ್ಲಾನೂ.”

“ನೋಡ್ದ್ಯಾ!” ಓರ್ಪಾ ಪಾತ್ರೆ ಇಟ್ಟು ಚಪ್ಪಾಳೆ ತಟ್ಟಿದಳು. “ಇನ್ನು ಆಚೆ ದಡದ ಹೆಂಗಸ್ರು ಬಾಯಿ ಮುಚ್ಕೋಬೇಕು. ‘ಡೋರ್ಕಾಸ್ ಮೊಟ್ಟೆ ತಿನ್ನೋಕ್ ಹೋದ್ರೆ ಸಾರಿಗೆ ಬೇರೆ ಕೋಳಿ ಬೇಕಾಗಿಲ್ಲ’ ಅಂತ ವರ್ಷ ಪೂರ್ತಿ ನಕ್ರಲ್ಲ, ಹಲ್ಲುಬ್ಬಿಯರು.”

ಹೋದ ವರ್ಷ ಡೋರ್ಕಾಸ್ ‘ಮುಳುಗಿದವು’ ಎಂದ ಮೇಲೂ, ಹೊರಗಿನ ಚರ್ಚಿನಿಂದ ಬಂದ ಅತಿಥಿ ಬೇಯಿಸಿದ ಮೊಟ್ಟೆ ಒಡೆದಾಗ ಒಳಗೆ ಕೊಕ್ಕು ಮೂಡಿದ ಮರಿಯಿತ್ತು. ಆತ ತಟ್ಟೆ ಸರಿಸಿ ಎದ್ದುಹೋದದ್ದನ್ನು ಯಾರೂ ಮರೆತಿರಲಿಲ್ಲ.

ಡೋರ್ಕಾಸ್ ತಂಗಿಯ ಮುಖ ನೋಡಿದಳು. ಅಲ್ಲಿ ಸಂತೋಷವಿತ್ತು, ಬೆರಗು ಮಾತ್ರ ಇರಲಿಲ್ಲ.

“ಎಲ್ಲಾ ಮುಳುಗಿದ್ವು ಅಂದ್ರೆ ನಿಂಗೆ ಆಶ್ಚರ್ಯನೇ ಆಗ್ಲಿಲ್ವಲ್ಲೇ.”

“ಯಾಕಾಗ್ಬೇಕು? ಒಳ್ಳೇದೇ ಆಯ್ತಲ್ಲ.”

“ಓರ್ಪಾ.”

ಓರ್ಪಾ ಎಲೆಯ ಅಂಚನ್ನು ಉಗುರಿನಿಂದ ಸೀಳತೊಡಗಿದಳು. ಚಿಕ್ಕವಳಿದ್ದಾಗಲೂ ಹಾಗೆಯೇ, ಕೈಗೆ ಸಿಕ್ಕಿದ್ದನ್ನು ಹರಿಯುತ್ತ ನಿಜ ಹೇಳುವವಳು. “ನಾನೇ ಗುಡಿಸ್ದೆ,” ಎಂದಳು. “ಹೋದ ತಿಂಗಳು. ಕವಡೆ ಆಯೋಕ್ ಹೋಗ್ತೀನಿ ಅಂತ ಹೋಗಿದ್ದು, ಅಲ್ಲಿಗೆ.”

ಅಮ್ಮನ ಕಾಲದಲ್ಲಿ ಸಾಸಿ ತೆರೆದ ದಿನ ಹೆಂಗಸರು ಮೊದಲು ಗುಡಿಸುತ್ತಿದ್ದರು. ಇದ್ದ ಮೊಟ್ಟೆಯನ್ನೆಲ್ಲ ಕಾಲಿನಿಂದ ಕಡಲಿಗೆ ತಳ್ಳಿ ಬಂದುಬಿಡುವುದು. ಹಕ್ಕಿಗಳು ಮತ್ತೆ ಇಡುತ್ತಿದ್ದವು; ಆಮೇಲೆ ಹೋಗಿ ಹೆಕ್ಕಿದರೆ ಎಲ್ಲವೂ ಹೊಸದು. ಆಗ ಹಕ್ಕಿಗಳೂ ಅಷ್ಟಿದ್ದವು. ಡೋರ್ಕಾಸಳ ಕೈಗೆ ಕೆಲಸ ಬಂದ ಮೇಲೆ ಅವಳೇ ಅದನ್ನು ನಿಲ್ಲಿಸಿದ್ದಳು.

“ಸಾಸಿ ಇದ್ದಾಗ?”

“ನಿಂಗೋಸ್ಕರ ಊಸಿ! ಹೋದ್ಸಲ ನೀನು ಚರ್ಚಿಂದ ತಲೆ ತಗ್ಗಿಸ್ಕೊಂಡು ಬಂದ್ಯಲ್ಲ, ಒಂದು ವಾರ ಊಟ ಬಿಟ್ಯಲ್ಲ, ನೋಡಿದ್ ಕಣ್ಣು ನಂದು. ಅವು ಮತ್ತೆ ಇಡ್ತಾವೆ ಅಂತ ಅಮ್ಮ ಹೇಳ್ತಿದ್ದಿದ್ದು ನೀನೇ ಹೇಳಿರ್ಲಿಲ್ವಾ?”

“ಇಟ್ಟಿದಾವೆ. ಇವೇ ಆ ‘ಮತ್ತೆ’ ಇಟ್ಟಿದ್ದು. ನಾಳೆ ಇವನ್ನೂ ಎತ್ಕೊಂಡ್ ಬಂದ್ರೆ?”

“ಇನ್ನೊಂದ್ಸಲ ಇಡ್ಲಿ.”

“ಏನು ತಿಂದು ಇಡ್ಬೇಕೇ? ಸಣ್ಣ ಮೀನೆಲ್ಲ ರಾತ್ರಿ ದೀಪ ಹಾಕಿ ಹಿಡಿಯೋ ಹಡಗಿನವ್ರು ಬಾಚ್ಕೊಂಡ್ ಹೋಗ್ತಾರೆ. ಉದ್ದದಿಬ್ಬದಲ್ಲಿ ಏನಾಯ್ತು? ಒಂದೇ ವರ್ಷ ಎರಡು ಸಲ ಕಿತ್ರು. ಮರುವರ್ಷ ಒಂದು ಪುಕ್ಕನೂ ಬೀಳ್ಲಿಲ್ಲ ಅಲ್ಲಿ. ಅಂಬೋನ್ ಪಟ್ಟಣದಿಂದ ಹಕ್ಕಿ ಎಣ್ಸೋಕ್ ಬಂದಿದ್ದ ಹಕ್ಕಿಯಮ್ಮ ಏನಂದ್ಳು? ಸುತ್ತ ಇರೋ ದಿಬ್ಬಗಳೆಲ್ಲ ಖಾಲಿ, ಉಳಿದಿರೋದು ನಿಮ್ದೊಂದು ಅಂತ.”

ಓರ್ಪಾ ಸೀಳಿದ ಎಲೆಯನ್ನು ಪಾತ್ರೆಯ ಪಕ್ಕಕ್ಕೆ ಹಾಕಿದಳು. ಆಮೇಲೆ ಅವಳ ದನಿ ತೀರ ಸಣ್ಣಗಾಯಿತು. “ಹಾಗಾದ್ರೆ ನಾಳೆ ಎದ್ದು ಹೇಳ್ಬಿಡು. ನನ್ ತಂಗಿ ಸಾಸಿ ಮುರಿದ್ಲು ಅಂತ.”

ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಚರ್ಚಿನ ಮುಂದೆ ನಿಲ್ಲಿಸುತ್ತಾರೆ, ತಪ್ಪೊಪ್ಪಿಸುತ್ತಾರೆ. ಅದು ಒಂದು ದಿನದ್ದು. ಆಮೇಲೆ ಊರಲ್ಲಿ ಮಗುವಿಗೆ ಜ್ವರ ಬಂದರೂ, ದೋಣಿ ಮಗುಚಿದರೂ ಸಾಸಿ ಮುರಿದವಳ ಹೆಸರೇ ಮೊದಲು ಬಾಯಿಗೆ ಬರುವುದು. ಓರ್ಪಾಳ ಗಂಡ ಟ್ಯೂನಾ ಮೀನಿನ ಹಡಗಿನಲ್ಲಿ ದೂರ ಕಡಲಲ್ಲಿದ್ದ. ಅವನಿಗೇನಾದರೂ ಆದರೆ ಅತ್ತೆಯ ಮನೆಯವರು ಅವಳನ್ನು ಹೊಸ್ತಿಲು ತುಳಿಯಗೊಡುವುದಿಲ್ಲ.

“ಅಂಬಲಿ ಗಟ್ಟಿಯಾಗತ್ತೆ, ಬಡಿಸು,” ಎಂದಳು ಡೋರ್ಕಾಸ್.

ಅಮ್ಮ ಸತ್ತಾಗ ಓರ್ಪಾ ಇನ್ನೂ ಹಾಲುಹಲ್ಲಿನವಳು. ಮೊದಮೊದಲು ಊಟವೇ ಸೇರದೆ ಹಟ ಹಿಡಿಯುತ್ತಿದ್ದ ಮಗುವಿಗೆ ಅಂಟಂಟಾದ ಇದೇ ಅಂಬಲಿಯನ್ನು ಕಡ್ಡಿಗೆ ಸುತ್ತಿ ಸುತ್ತಿ ಬಾಯಿಗಿಟ್ಟವಳು ತಾನು. ತನ್ನ ಮರ್ಯಾದೆಗಾಗಿ ಇವಳು ಇಷ್ಟು ದೂರ ಹೋದಳೇ ಎಂದು ನೆನೆದಾಗ ಸಿಟ್ಟಿನ ಜೊತೆಗೆ ಇನ್ನೇನೋ ಸೇರಿಕೊಂಡಿತು. ಅದಕ್ಕೆ ಹೆಸರಿಡಲು ಅವಳಿಗೆ ನಾಚಿಕೆಯಾಯಿತು. ಯಾರಾದರೂ ತನಗಾಗಿ ಪಾಪ ಮಾಡಿದ್ದು ಇದೇ ಮೊದಲು. ಅದು ಇಷ್ಟವಾಯಿತೆನ್ನುವುದೇ ಅವಳನ್ನು ಹೆಚ್ಚು ಕಲಕಿತು.

ಇಬ್ಬರೂ ಉಂಡರು. ಬಿಸಿಲು ಇಳಿಯುತ್ತಿದ್ದಂತೆ ಹಾಡಿನ ಅಭ್ಯಾಸಕ್ಕೆ ಜೊತೆಯಾಗಿಯೇ ಹೊರಟರು. ಚರ್ಚಿನ ಮೆಟ್ಟಿಲ ಮೇಲೆ ಹೆಂಗಸರು ಆಗಲೇ ಸೇರಿದ್ದರು.

“ಏನ್ ತಾಯಿ, ಮುಖ ನೋಡಿದ್ರೆ ಗೊತ್ತಾಗ್ತಿಲ್ಲ,” ಎಂದು ದಪ್ಪಗಿನ ಮಾರ್ಸೆಲಿನಾ ನಕ್ಕಳು. “ನಾನಂತೂ ಬುಟ್ಟಿ ತೊಳ್ದಿಟ್ಟಿದೀನಿ. ಅತಿಥಿಗಳಿಗೆ ಈ ಸಲ ಕೊಕ್ಕಿಲ್ದಿರೋದು ಬಡಿಸ್ರಮ್ಮ!”

“ಅವ್ಳು ಭಾನುವಾರ ತನಕ ಬಾಯಿ ಬಿಡಲ್ಲ ಕಣೇ,” ಎಂದಳು ಇನ್ನೊಬ್ಬಳು. “ಅವ್ರಮ್ಮನೂ ಹಾಗೇನೇ ಇದ್ಲು.”

ಡೋರ್ಕಾಸ್ ನಕ್ಕು ಒಳಗೆ ಹೋಗಿ ತನ್ನ ಜಾಗದಲ್ಲಿ ನಿಂತಳು. ಪಕ್ಕದಲ್ಲಿ ಓರ್ಪಾ ನಿಂತಳು. ನಾಳೆ ಇದೇ ಜಾಗದಿಂದ ಮುಂದೆ ನಡೆದುಹೋಗಿ ತೇಲಿದವು ಎಂದಷ್ಟೇ ಹೇಳುವುದು. ಆಚೆ ದಡದವರು ಇನ್ನೊಂದು ವರ್ಷ ನಗಲಿ. ಊರಿನವರು ಡೋರ್ಕಾಸಳ ಕಣ್ಣು ಮಂಜಾಯಿತು, ಬೇರೆಯವಳನ್ನು ನೋಡೋಣ ಎನ್ನಲಿ. ಅಷ್ಟರಲ್ಲಿ ದಿಬ್ಬದ ಮರಿಗಳು ರೆಕ್ಕೆ ಬಲಿತು ಎದ್ದಿರುತ್ತವೆ. ದೇವರ ಮನೆಯಲ್ಲಿ ನಿಂತು ಸುಳ್ಳಾಡಿದ ಲೆಕ್ಕ ತನ್ನ ಮತ್ತು ಅವನ ನಡುವೆ ಇರಲಿ. ಓರ್ಪಾಗೂ ನಾಳೆ ಎಲ್ಲರ ಜೊತೆಯಲ್ಲೇ ತಿಳಿಯಲಿ.

“ಯಾವ ಹಾಡು ಊಸಿ?” ಎಂದು ಓರ್ಪಾ ಪಿಸುಗುಟ್ಟಿದಳು.

“ಎಲ್ಲರೂ ಎತ್ಕೊಂಡಿದ್ದೇ,” ಎಂದು ಡೋರ್ಕಾಸ್ ದನಿಗೂಡಿಸಿದಳು.