ನಿಂತಲ್ಲಿ ನಿಲ್ಲದ ಭೀಮಶಿ

ಭೀಮಶಿ ಒಂದೇ ಕಡೆ ನಿಂತು ಮಾತಾಡಿದ್ದನ್ನು ಈಚಿನ ವರ್ಷಗಳಲ್ಲಿ ಜಮಖಂಡಿಯಲ್ಲಿ ಯಾರೂ ಕಂಡಿಲ್ಲ. ಎದುರಿಗೆ ಸಿಕ್ಕವರತ್ತ ಎರಡು ಹೆಜ್ಜೆ ಮುಂದೆ ಬರುತ್ತಾನೆ, ಮುಖವನ್ನು ದಿಟ್ಟಿಸುತ್ತಾನೆ, ಏನೋ ಅಡ್ಡ ಬಂದಂತೆ ಹಿಂದಕ್ಕೆ ಸರಿಯುತ್ತಾನೆ, ತಲೆಯನ್ನು ತುಸು ವಾರೆ ಮಾಡಿ ಮತ್ತೆ ಅರ್ಧ ಹೆಜ್ಜೆ ಮುಂದಿಟ್ಟು, ಅಷ್ಟೆಲ್ಲ ಆದಮೇಲೆ "ನಮಸ್ಕಾರ್ರೀ, ಆರಾಮ ಅದೀರಿ?" ಎನ್ನುತ್ತಾನೆ. ಪರಿಚಯವಿಲ್ಲದವರು ತಮ್ಮ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾರೆ. ಪರಿಚಯವಿದ್ದವರು ಅವನ ಬೆನ್ನ ಹಿಂದೆ ಏನಿದೆ ಎಂದು ನೋಡುತ್ತಾರೆ. ಏಕೆಂದರೆ ಹಿಂದೆ ಸರಿಯುವ ಭರದಲ್ಲಿ ಅವನು ಪೇರಲಹಣ್ಣಿನ ಗಾಡಿಗೂ, ಕಬ್ಬು ಹೇರಿ ನಿಂತ ಟ್ರ್ಯಾಕ್ಟರಿಗೂ, ಒಮ್ಮೆ ಮುಧೋಳದ ಸಂತೆಯಲ್ಲಿ ಎಮ್ಮೆಯೊಂದಕ್ಕೂ ಬೆನ್ನು ತಾಗಿಸಿದ್ದಾನೆ. ಎಮ್ಮೆಯೊಂದನ್ನು ಬಿಟ್ಟು ಉಳಿದವರೆಲ್ಲ ಬೈದರು. "ಮದುವಿಯಾಗಿ ಇಪ್ಪತ್ತ ವರ್ಷ ಆತು, ನನ್ನ ಎಷ್ಟ ದೂರದಿಂದ ನೋಡಬೇಕಂತ ಇವರಿಗೆ ಇನ್ನೂ ಗೊತ್ತಾಗಿಲ್ಲ" ಎಂದು ಹೆಂಡತಿ ಮಾಲಾ ನೆರೆಹೊರೆಯವರ ಮುಂದೆ ಹೇಳುವುದುಂಟು.

ಇದು ಹುಟ್ಟುಗುಣವೇನಲ್ಲ. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಕಾಲದಲ್ಲಿ ಅವನೂ ಎಲ್ಲರಂತೆ ನೆಟ್ಟಗೆ ನಿಲ್ಲುತ್ತಿದ್ದ. ನೀಲಿ ಪರದೆ, ಹಲ್ಲು ಮುರಿದ ಬಾಚಣಿಗೆ, ಊರಿಗೆಲ್ಲ ಸಾಲುವ ಒಂದೇ ಟೈ. ಎಲ್ಲರ ಕೈಗೂ ಫೋನು ಬಂದು ನೀಲಿ ಪರದೆಯ ಮುಂದೆ ಕೂರುವವರು ಇಲ್ಲವಾದರು. ಅದೇ ಹೊತ್ತಿಗೆ ಬನಹಟ್ಟಿಯ ನೇಕಾರರು ಸೀರೆಗಳನ್ನು ಫೋನಿನಲ್ಲಿ ತೋರಿಸಿ ಮಾರತೊಡಗಿದ್ದರು; ಅವರಿಗೊಬ್ಬ ಫೋಟೋದವನು ಬೇಕಾಗಿದ್ದ. ಭೀಮಶಿ ಸ್ಟುಡಿಯೋಕ್ಕೆ ಬೀಗ ಹಾಕಿ ಬೈಕ್ ಹತ್ತಿದ. ಮದುವೆಮನೆಗಳ ಸಹವಾಸ ಸಾಕಾಗಿ ಹೊಲದ ಕಡೆ ಮುಖ ಮಾಡಿದ ಮೀರಜಿನ ಗೆಳೆಯನೊಬ್ಬ ತನ್ನ ಹಳೆಯ ಮಿರರ್‌ಲೆಸ್ ಕ್ಯಾಮೆರಾವನ್ನೂ ಮೂರು ಅಗ್ಗದ ಪ್ರೈಮ್ ಲೆನ್ಸುಗಳನ್ನೂ ಇವನಿಗೆ ದಾಟಿಸಿದ. ಪ್ರೈಮ್ ಎಂಬುದು ಹಠಮಾರಿ ಲೆನ್ಸು. ತಿರುವಿದರೆ ದೂರದ್ದನ್ನು ಹತ್ತಿರಕ್ಕೆ ಎಳೆದು ಕೊಡುವ ದಾಕ್ಷಿಣ್ಯ ಅದಕ್ಕಿಲ್ಲ. ಹತ್ತಿರ ಬೇಕಾದರೆ ನೀನೇ ಹೋಗು, ದೂರ ಬೇಕಾದರೆ ನೀನೇ ಸರಿ ಎನ್ನುತ್ತದೆ. ಆ ಹಠವನ್ನು ಸಹಿಸಿಕೊಂಡವನಿಗೆ ಅದು ಕೊಡುವುದೂ ಧಾರಾಳವಾಗಿಯೇ: ಕಿಟಕಿಯ ಅರೆಬೆಳಕೇ ಸಾಕು, ಮುಖಕ್ಕೆ ಕಾಂತಿ ಬರುತ್ತದೆ, ಹಿಂದಿನ ಗೋಡೆಯ ಸುಣ್ಣ ಕಿತ್ತದ್ದು, ಹಗ್ಗದ ಮೇಲಿನ ಚಡ್ಡಿ, ಮೂಲೆಯ ಗ್ಯಾಸಿನ ಟ್ಯಾಂಕಿ ಎಲ್ಲ ಮಂಜಿನಲ್ಲಿ ಕರಗುತ್ತವೆ, ಎದುರಿಗಿದ್ದದ್ದು ಮಾತ್ರ ಎಳೆ ಎಳೆಯಾಗಿ ಎದ್ದು ನಿಲ್ಲುತ್ತದೆ. ಉದ್ದುದ್ದ ಝೂಮ್ ಲೆನ್ಸು ಹಿಡಿದು ಬಂದ ತರುಣರಿಗೆ ಭೀಮಶಿ ಹೇಳುವುದು ಒಂದೇ ಮಾತು. "ದೇವ್ರ ಕಾಲ ಕೊಟ್ಟಾನಲ್ಲಲೇ, ಅದ ಝೂಮ್."

ಅವನ ಕೋಟಿನ ಬಗ್ಗೆ ಹೇಳದಿದ್ದರೆ ಅವನ ಚಿತ್ರ ಅರ್ಧವಾದೀತು. ಕಪ್ಪು ಕೋಟು, ತನ್ನದೇ ಮದುವೆಯದು, ತೋಳು ಈಗ ಮಣಿಕಟ್ಟಿಗಿಂತ ಮೇಲೆ ನಿಲ್ಲುತ್ತದೆ. ಒಳಗಡೆ ಮಾಲಾ ಮೂರು ಕಿಸೆ ಹೊಲಿದಿದ್ದಾಳೆ, ಒಂದೊಂದು ಲೆನ್ಸಿಗೆ ಒಂದೊಂದು. ಕಿಸೆಗಳಿಗೆ ಹಾಕಿದ್ದು ಸಾವಳಗಿಯ ಮಾವ ಧರೆಪ್ಪ ಕುರಿಯ ಹಿಂದೆ ಹೊದ್ದು ಸವೆಸಿದ ಕರಿಕಂಬಳಿಯ ತುಂಡು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಊರಿಗೆ ಊರೇ ಬನಿಯನ್ನಿನ ಮೇಲೆ ಕೂತಿರುವಾಗ ಇವನು ಕೋಟು ತೊಟ್ಟು, ಅದರೊಳಗೆ ಕಂಬಳಿ ತುಂಬಿಕೊಂಡು, ಬನಹಟ್ಟಿಯ ಓಣಿಗಳಲ್ಲಿ ಹಿಂದೆ ಮುಂದೆ ಸರಿಯುತ್ತಾ ಬೆವರುತ್ತಿರುತ್ತಾನೆ. ಲೆನ್ಸಿಗೆ ಧೂಳು ಆಗಬಾರದಂತೆ. ಅವನಿಗೆ ಏನಾದರೂ ಆದೀತು ಎಂಬ ಚಿಂತೆ ಅವನಿಗಿಲ್ಲ.

ಇನ್ನೊಂದು, ಅವನ ಬಾಯಿಯ ಚಟ. ಯಾವ ಮಾತೂ "ಖರೆ ಹೇಳಬೇಕಂದ್ರ" ಎಂದಲ್ಲದೆ ಹೊರಡುವುದಿಲ್ಲ. ಖರೆ ಹೇಳಬೇಕಂದ್ರ ಹಸಿವಾಗೇತಿ, ಖರೆ ಹೇಳಬೇಕಂದ್ರ ಇವತ್ತ ಬುಧವಾರ. ಉಳಿದವರ ಬಾಯಲ್ಲಿ ಇದು ಸುಳ್ಳಿನ ಪೀಠಿಕೆ. ಇವನ ಬಾಯಲ್ಲಿ ವ್ರತ. ತೆಗೆದ ಫೋಟೋವನ್ನು ಅವನು ತಿದ್ದುವುದಿಲ್ಲ, ಬಣ್ಣ ಏರಿಸುವುದಿಲ್ಲ, ಕಲೆ ಅಳಿಸುವುದಿಲ್ಲ. ಬೀಳಗಿಯ ಮದುಮಗನೊಬ್ಬ ತನ್ನನ್ನು ತುಸು ಬೆಳ್ಳಗೆ ಮಾಡೆಂದು ಗೋಗರೆದಾಗ, "ಖರೆ ಹೇಳಬೇಕಂದ್ರ, ಅದು ಬಿಸಲು ಕೊಟ್ಟ ಬಣ್ಣ, ತಗ್ಯಾಕ ನಾ ಯಾಂವ್ರಿ?" ಎಂದು ಕೈಮುಗಿದು ಬಂದಿದ್ದ. ಈ ಮೊಂಡುತನದಿಂದ ಕೆಲವು ಗಿರಾಕಿಗಳು ಹೋದರು. ಆದರೆ ಭೀಮಶಿಯ ಫೋಟೋದಲ್ಲಿ ಕಂಡ ಸೀರೆ ಕೈಗೆ ಬಂದಾಗಲೂ ಅದೇ ಸೀರೆಯಾಗಿರುತ್ತದೆ ಎಂಬ ನಂಬಿಕೆ ನೇಕಾರರ ಓಣಿಯಲ್ಲಿ ಬೇರೂರಿತು.

ಆ ನಂಬಿಕೆಯಿಂದಲೇ ಬನಹಟ್ಟಿಯ ಇಂದ್ರವ್ವ ಅವನನ್ನು ಕರೆಸಿದ್ದಳು. ಮನೆಯ ಹಿಂದಿನ ಪಡಸಾಲೆಯಲ್ಲಿ ಎರಡು ಮಗ್ಗ ಇಟ್ಟುಕೊಂಡ ಗಟ್ಟಿ ಹೆಣ್ಣುಮಗಳು. ಇಷ್ಟು ವರ್ಷ ಅವಳು ನೇಯ್ದದ್ದರ ಮೇಲೆ ವ್ಯಾಪಾರಿಯ ಮುದ್ರೆ ಬೀಳುತ್ತಿತ್ತು. ಮುದ್ರೆ ಬಿದ್ದ ಮೇಲೆ ಅದು ಯಾರ ಕೈಯ ಸೀರೆಯೆಂದು ಕೇಳುವವರೇ ಇರಲಿಲ್ಲ. ಈಗ ಮಗಳು ಪ್ರೀತಿ, "ಯವ್ವಾ, ನಿನ್ನ ಹೆಸರಲೇ ಮಾರೂಣು" ಎಂದು ಫೋನಿನಲ್ಲಿ ಒಂದು ಗುಂಪು ಕಟ್ಟಿ, 'ಇಂದ್ರವ್ವನ ಸೀರೆ' ಎಂದು ಹೆಸರಿಟ್ಟಿದ್ದಳು. ಮೊದಲ ಸೀರೆ ಹಸಿರು, ತೀರ ತೆಳು ನೂಲಿನದು, ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುವ ಸಣ್ಣ ಚೌಕಳಿ. ಭೀಮಶಿ ಅಂಗಳದ ತಂತಿಯ ಮೇಲೆ ಅದನ್ನು ಹರವಿ, ನಡುಕಿಸೆಯ ಲೆನ್ಸು ತೆಗೆದು, ಮುಂದೆ ಹೋಗಿ, ಹಿಂದೆ ಬಂದು, ತುಳಸಿಕಟ್ಟೆಗೆ ಬೆನ್ನು ತಾಗಿದ ಮೇಲೆ ಒಂದು ಫೋಟೋ ತೆಗೆದ. ಕ್ಯಾಮೆರಾದ ಪುಟ್ಟ ತೆರೆಯಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. ಪ್ರೀತಿ ಅದನ್ನು ಹಾಗೆಯೇ ಗುಂಪಿಗೆ ಹಾಕಿದಳು.

ಸಂಜೆಯೊಳಗೆ ಮುಧೋಳದಿಂದ ಫೋನು ಬಂತು. ಯಶೋಧರಾ ಎಂಬ ಶಿಕ್ಷಕಿ. ಬಸುರಿ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಹುಡುಕಿ ಹುಡುಕಿ ಸೋತವರು. ಅವರ ದನಿಯಲ್ಲಿ ಸಂಭ್ರಮ ತುಳುಕುತ್ತಿತ್ತು. "ಸೀರಿ ತುಂಬ ಅಲಿ ಹರದಾವಲ್ರೀ, ಘಟಪ್ರಭಾ ತುಂಬಿ ಬಂದಂಗ! ಇಂಥಾದ್ದು ನಾ ಎಲ್ಲೂ ನೋಡಿಲ್ಲ. ಐತವಾರ ಮಗಳನ್ನ ಕರಕೊಂಡು ಬರತೀನಿ, ಯಾರಿಗೂ ಕೊಡಬ್ಯಾಡ್ರಿ."

ಇಂದ್ರವ್ವ ಮಗಳ ಮುಖ ನೋಡಿದಳು. ಯಾವ ಅಲೆ? ಪ್ರೀತಿ ಫೋಟೋವನ್ನು ಬಿಡಿಸಿದಳು. ಇತ್ತು. ಸೆರಗಿನಿಂದ ದಡಿಯವರೆಗೆ ಬಾಗಿ ಬಾಗಿ ಹರಿದ, ತುಸು ನೀಲಿ ತುಸು ಕೆಂಪು ಮಿಂಚುವ ಅಲೆಗಳು. ಇಂದ್ರವ್ವ ನೇಯದ, ಅವಳ ಮಗ್ಗಕ್ಕೆ ಗೊತ್ತೇ ಇಲ್ಲದ ಅಲೆಗಳು. ಸೀರೆಯನ್ನು ತಂದು ಹರವಿದರು. ಬರೀ ಚೌಕಳಿ.

ಭೀಮಶಿಗೆ ಹೇಳಿ ಕಳಿಸಿದರು. ಅವನು ಬಂದು ಫೋಟೋ ನೋಡಿದ, ಸೀರೆ ನೋಡಿದ, ಮತ್ತೆ ಫೋಟೋ ನೋಡಿದ. ಮೊದಲು ಮಗ್ಗದ್ದೇ ದೋಷವೆಂದುಕೊಂಡ. ಮನುಷ್ಯರ ಕಣ್ಣಿಗೆ ಕಾಣದ್ದನ್ನು ಲೆನ್ಸು ಹಿಡಿದಿದೆ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ಆದರೆ ಈ ಸಲ ತೆರೆಯ ಚಿತ್ರವನ್ನು ಹಿಗ್ಗಿಸಿ ನೋಡುತ್ತ ಕ್ಯಾಮೆರಾ ಹಿಡಿದು ಮುಂದೆ ಹೋದರೆ ಅಲೆಗಳು ಅಗಲವಾಗಿ, ತೆಳುವಾಗಿ, ಇಲ್ಲವಾದವು; ಹಿಂದೆ ಬಂದರೆ ಮತ್ತೆ ಹುಟ್ಟಿ ಬೇರೆ ದಿಕ್ಕಿಗೆ ಹರಿದವು. ಅಂಗಳದಲ್ಲಿ ಅವನು ನಡೆದ ನಡಿಗೆಯನ್ನು ನೋಡಿ ಆಚೆಮನೆಯವರು ಏನೋ ಹರಕೆಯಿರಬೇಕೆಂದುಕೊಂಡರು. ಕೊನೆಗೆ ಮೀರಜಿನ ಗೆಳೆಯನಿಗೆ ಫೋನು ಹಚ್ಚಿದ. ಅವನು ನಕ್ಕುಬಿಟ್ಟ. ಲೆನ್ಸು ಬಹಳ ಚೂಪಾಗಿದೆ, ನೂಲಿನ ಗೆರೆಗಳು ಕ್ಯಾಮೆರಾದೊಳಗಿನ ಚುಕ್ಕೆಗಳ ಸಾಲಿನ ಮೇಲೆ ಕೂತು ಒಂದಕ್ಕೊಂದು ಹೊಂದದೆ ಈ ಅಲೆ ಏಳಿಸುತ್ತವೆ, ತುಸು ಸರಿದು ನಿಂತರೆ ಹೋಗುತ್ತವೆ, ಹಳೆಯ ಮಸುಕು ಲೆನ್ಸಿಗಾದರೆ ಈ ಪೀಡೆಯಿಲ್ಲ ಎಂದ.

ಭೀಮಶಿ ಕಟ್ಟೆಯ ಮೇಲೆ ಕುಸಿದು ಕೂತ. ಹಾಗಾದರೆ ಮಸುಕು ಕಂಡದ್ದು ನಿಜ, ಸ್ಪಷ್ಟ ಕಂಡದ್ದು ಸುಳ್ಳು? ಚೂಪಾದಷ್ಟೂ ಸುಳ್ಳಾಗುವುದೆಂದರೆ ಮನುಷ್ಯ ಯಾವುದನ್ನು ನಂಬಬೇಕು? ಸೀರೆ ಸುಳ್ಳು ಹೇಳಿಲ್ಲ, ಲೆನ್ಸು ತನ್ನ ಕೆಲಸವನ್ನೇ ಮಾಡಿದೆ, ತಾನಂತೂ ಒಂದು ಚುಕ್ಕೆಯನ್ನೂ ತಿದ್ದಿಲ್ಲ. ಮೂರು ಖರೆಗಳು ಸೇರಿ ಒಂದು ಸುಳ್ಳು ಹುಟ್ಟಿದ್ದು ಹೇಗೆಂದು ಅವನಿಗೆ ಹೊಳೆಯಲಿಲ್ಲ. ಪಾಪ, ಆ ವಾರ ಅವನು ಸರಿಯಾಗಿ ಉಣ್ಣಲೂ ಇಲ್ಲ.

"ಕಾಕಾ, ಸುಮ್ಮ ಇದ್ದಬಿಡ್ರಿ," ಎಂದಳು ಪ್ರೀತಿ. "ಬೆಳಕು ಬ್ಯಾರೆ ಇತ್ತು ಅಂದ್ರಾತು."

ಇಂದ್ರವ್ವ ಸುಮ್ಮನಿರಲಿಲ್ಲ. "ಭೀಮಶಿ ಅಣ್ಣಾ, ಮೊದಲನೇ ಗಿರಾಕಿ ಮೋಸ ಅಂದು ಎದ್ದು ಹೋದ್ರ ನನ್ನ ಹೆಸರ ಹುಟ್ಟೂಕಿಂತ ಮೊದಲ ಹೋತು. ಮತ್ತ ಆ ಮುದ್ರಿ ಕೆಳಗ ಹೋಗಿ ಕುಂದರಬೇಕ ನಾ. ಹ್ಯಾಂಗರೆ ಮಾಡು, ನಿನ್ನ ಮ್ಯಾಲ ಬಿಟ್ಟೀನಿ."

ಐತವಾರ ಯಶೋಧರಾ ಬಂದರು, ಏಳು ತಿಂಗಳ ಬಸುರಿ ಮಗಳ ಕೈಹಿಡಿದು. ಮಗ್ಗ ನಿಲ್ಲಿಸಿದ್ದರಿಂದ ಮನೆ ವಿಚಿತ್ರವಾಗಿ ಮೌನವಾಗಿತ್ತು. ಮಗ್ಗದ ಪಡಸಾಲೆಯಲ್ಲಿ ಕೂತು, ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಅವರು ನೋಡಿದರು, ಬೆಳಕಿಗೆ ತಿರುಗಿಸಿದರು, ಉಜ್ಜಿದರು. "ಅಲಿ ಎಲ್ಲಿ ಅದಾವ್ರೀ?"

ಪ್ರೀತಿ ನೆಲ ನೋಡಿದಳು. ಭೀಮಶಿ ಮೂಲೆಯಲ್ಲಿದ್ದ. ಮುಂದೆ ಬರಲಿಲ್ಲ, ಹಿಂದೆಯೂ ಸರಿಯಲಿಲ್ಲ. ಅವನು ಅಲುಗಾಡದೆ ನಿಂತದ್ದನ್ನು ಇಂದ್ರವ್ವ ಕಂಡದ್ದು ಅದೇ ಮೊದಲು.

"ಖರೆ ಹೇಳಬೇಕಂದ್ರ, ಅಕ್ಕಾರ, ಅಲಿ ಸೀರ್ಯಾಗ ಇಲ್ರಿ. ನನ್ನ ಫೋಟೋದಾಗ ಅದಾವ್ರಿ."

"ಸೀರ್ಯಾಗ ಇಲ್ಲದ್ದು ಫೋಟೋದಾಗ ಹ್ಯಾಂಗ ಬಂತ್ರಿ?"

"ಅದ ನನಗೂ ತಿಳಿವಲ್ದರಿ. ಇಂದ್ರವ್ವಕ್ಕಂದು ಏನೂ ತಪ್ಪಿಲ್ಲ. ಅಕಿ ನೇದದ್ದು ಇಷ್ಟ, ಚೌಕಳಿ. ಉಳದದ್ದು ನಾ ನಿಂತ ಜಾಗಾದ್ದು."

ಯಶೋಧರಾ ಒಮ್ಮೆ ಸೀರೆಯನ್ನು, ಒಮ್ಮೆ ಅವನನ್ನು ನೋಡಿದರು. ಸಿಟ್ಟು ಬರಬೇಕೋ ನಗು ಬರಬೇಕೋ ಅವರಿಗೂ ಗೊತ್ತಾದಂತೆ ಕಾಣಲಿಲ್ಲ. ಆಮೇಲೆ ಸೀರೆಯನ್ನು ತೊಡೆಯಿಂದ ಇಳಿಸಿ, "ಮಗಳು ಅಲಿ ನೋಡೇ ಆಸಿ ಪಟ್ಟಿದ್ಲರೀ," ಎಂದರು. ಅಷ್ಟೇ. ಬೈದಿದ್ದರೆ ಲೇಸಾಗಿತ್ತು ಎಂದು ಭೀಮಶಿಗೆ ಅನಿಸಿತು.

ಗಿರಾಕಿ ಬೇಡವೆಂದ ಸೀರೆಯನ್ನು ಹಾಗೆಯೇ ಬಿಟ್ಟು ಏಳುವುದು ನಮ್ಮ ಕಡೆಯ ಹೆಣ್ಣುಮಕ್ಕಳ ರೀತಿಯಲ್ಲ. ಬಿಚ್ಚಿದ್ದನ್ನು ಮಡಿಚಿ ಕೊಟ್ಟೇ ಹೋಗಬೇಕು. ಯಶೋಧರಾ ಒಂದು ತುದಿ ಹಿಡಿದರು, ಇಂದ್ರವ್ವ ಇನ್ನೊಂದು. ಇಬ್ಬರೂ ಹಿಂದೆ ಸರಿದು ಸೀರೆಯನ್ನು ಬಿಗಿ ಮಾಡಿದರು, ಮುಂದೆ ನಡೆದು ತುದಿ ಕೂಡಿಸಿದರು, ಮತ್ತೆ ಹಿಂದೆ ಸರಿದರು. ಈಗ ಹಸಿರು ಎರಡು ಪದರಾಗಿ ನಡುವೆ ತೂಗಿತು. ಅದರ ಹಿಂದೆ ತೆರೆದ ಬಾಗಿಲು, ಬಾಗಿಲ ತುಂಬ ಬಿಸಿಲು.

"ಅವ್ವಾ! ಅಲ್ಲಿ ನೋಡ ಬೇ!" ಎಂದು ಮಗಳು ಚೀರಿದಳು.

ಎರಡು ಪದರಿನ ಚೌಕಳಿಗಳು ಒಂದರ ಮೇಲೊಂದು ಬಂದಲ್ಲಿ ಅಲೆಗಳು ಎದ್ದಿದ್ದವು. ಹೆಂಗಸರ ಕೈ ಅಲುಗಿದರೆ ಅಲೆ ಓಡುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಕ್ಯಾಮೆರಾ ಇಲ್ಲ, ಲೆನ್ಸಿಲ್ಲ, ಬರಿಗಣ್ಣಿಗೆ ಘಟಪ್ರಭೆ ಹರಿಯಿತು. ಬಸುರಿ ಹುಡುಗಿ ಎದ್ದು ಬಂದು ಸೀರೆಯ ಮುಂದೆ ನಿಂತು ನಕ್ಕಳು. ಇಂದ್ರವ್ವ ತಾನೇ ನೇಯ್ದದ್ದನ್ನು ಈಗ ತಾನೇ ಕಂಡವಳಂತೆ ಬಾಯಿ ತೆರೆದು ನೋಡುತ್ತಿದ್ದಳು, ಕೈ ಇಳಿಸಲು ಅವಳಿಗೆ ಮನಸ್ಸಾಗಲಿಲ್ಲ.

ಭೀಮಶಿಯ ಕೈ ಕಿಸೆಗೆ ಹೋಯಿತು. ಲೆನ್ಸು ಸಿಕ್ಕಿಸಿದ, ಹಿಂದೆ ಸರಿದ, ಮಗ್ಗಕ್ಕೆ ಬೆನ್ನು ತಾಗಿತು, ಇನ್ನು ಹಿಂದೆ ಜಾಗವಿಲ್ಲ, ಇದ್ದಲ್ಲಿಂದಲೇ ಒತ್ತಿದ. ತೆರೆಯಲ್ಲಿ ಹುಡುಗಿಯ ಮುಖ ರೆಪ್ಪೆ ರೆಪ್ಪೆಯಾಗಿ ಬಂದಿತ್ತು. ಅದರ ಹಿಂದೆ ಸೀರೆಯೆಂಬುದು ಬರೀ ಹಸಿರು ಮಂಜು. ಒಂದು ಅಲೆಯೂ ಇರಲಿಲ್ಲ. ಇಲ್ಲದಾಗ ಹಿಡಿದ ಕ್ಯಾಮೆರಾ ಇದ್ದಾಗ ಬಿಟ್ಟಿತ್ತು. ಯಶೋಧರಾ ಇಣುಕಿ ನೋಡಿ, "ಈ ಫೋಟೋನೂ ಬೇಕ್ರಿ, ಸೀರಿನೂ ಬೇಕು," ಎಂದರು. ಭೀಮಶಿ "ಖರೆ ಹೇಳಬೇಕಂದ್ರ..." ಎಂದು ಶುರು ಮಾಡಿದ. ಮುಂದೆ ಏನು ಹೇಳಬೇಕೆಂದು ತಿಳಿಯದೆ ಅಲ್ಲಿಗೇ ನಿಲ್ಲಿಸಿದ.

ಕುಬಸದ ದಿನ ಕೆಲವರಿಗೆ ಸೆರಗಿನಲ್ಲಿ ಅಲೆ ಕಂಡವಂತೆ, ಪಕ್ಕದಲ್ಲೇ ಕೂತವರಿಗೆ ಕಾಣಲಿಲ್ಲವಂತೆ. ಇಂದ್ರವ್ವನ ಮಗ್ಗಗಳೀಗ ಅವಳ ಹೆಸರಿಗೇ ಓಡುತ್ತಿವೆ. ಭೀಮಶಿ ಮಾತ್ರ ಇನ್ನೂ ಆ ಗೊಂದಲದಿಂದ ಹೊರಬಂದಿಲ್ಲ. ಕೇಳಿದರೆ ಮುಂದೆ ಬರುತ್ತಾನೆ, ಹಿಂದೆ ಸರಿಯುತ್ತಾನೆ, ಉತ್ತರ ಹೇಳುವುದಿಲ್ಲ. ಆದರೆ ಅವನು ಕಳಿಸುವ ಪ್ರತಿ ಫೋಟೋದ ಕೆಳಗೆ ಈಗೊಂದು ಸಾಲು ಇರುತ್ತದೆ: 'ನಾ ನಿಂತಲ್ಲಿಂದ ಹಿಂಗ ಕಂಡೈತಿ. ಬಂದು ನೋಡ್ರಿ.'

ಒಂದೇ ಕಡೆ ಕಾಲೂರಿ ನಿಂತು ಸತ್ಯ ತಮ್ಮ ಕೈಯಲ್ಲಿದೆ ಎನ್ನುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಅವರಿಗೆ ಗೊಂದಲವಿಲ್ಲ, ಅವರ ಮುಂದೆ ನಮಗೆ ಬಾಯಿಯೂ ಇಲ್ಲ. ಭೀಮಶಿಯಂಥವರು ಊರಿಗೊಬ್ಬರು ಸಿಕ್ಕಾರು. ಕಂಡದ್ದನ್ನು ಹೇಳುವಾಗ ಅವರು ತಾವು ನಿಂತ ಜಾಗವನ್ನೂ ಹೇಳುತ್ತಾರೆ, ಅದು ತಪ್ಪಿದ್ದೀತೇನೋ ಎಂಬ ಅಳುಕಿನಿಂದ ಮತ್ತೊಂದು ಹೆಜ್ಜೆ ಸರಿದು ನೋಡುತ್ತಾರೆ. ಅಂಥವರ ಮಾತು ನಂಬಿ ಮಗಳಿಗೆ ಸೀರೆ ಕೊಳ್ಳಬಹುದು. ಅವರ ಬೆನ್ನ ಹಿಂದೆ ಮಾತ್ರ ಪೇರಲಹಣ್ಣಿನ ಗಾಡಿ ನಿಲ್ಲಿಸಬಾರದು.